ಹುಡುಗನನ್ನು ನಾವು ನೋಡಿಲ್ಲ

೨ ಜನವರಿ ೨೦೨೬, ಶುಕ್ರವಾರ
ಅಂಡಮಾನಿನ ದ್ವೀಪದಿಂದ

ಎಸ್ತರ,

ಇಲ್ಲಿ ಜೆಟ್ಟಿಯ ಮೇಲೆ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್ಲು ಸಿಗುತ್ತದೆ. ಅಲ್ಲಿ ನಿಂತು ಮಾತಾಡಿದರೆ ನಮ್ಮ ತಂಡದವರು, ಮೀನು ಹಿಡಿಯುವವರು, ದೋಣಿಗಾಗಿ ಕಾಯುವವರು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡು ಅಭಿಪ್ರಾಯವನ್ನೂ ಹೇಳುತ್ತಾರೆ. ಅದಕ್ಕೇ ಕಾಗದದಲ್ಲಿ ಬರೆದು ಅದರ ಫೋಟೊ ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಬರೆ.

ಮೊದಲು ಕೆಲಸದ ವಿಷಯ. ನಮ್ಮನ್ನು ಇಲ್ಲಿಗೆ ಸೇವೆಗೆ ಕಳಿಸಿದ ಸಭೆಯವರು ಕೇಳಿದರೆ ನಿನಗೆ ಹೇಳಲು ಬೇಕಾಗುತ್ತದೆ. ಪ್ರಾರ್ಥನಾ ಮಂದಿರಕ್ಕೆ ಬಣ್ಣ ಬಳಿದದ್ದಾಯಿತು. ಬಿ.ಪಿ., ಸಕ್ಕರೆ ನೋಡುವ ನನ್ನ ಮೇಜಿನ ಮುಂದೆ ದಿನವೂ ಸಾಲು ಇರುತ್ತದೆ. ಕಾಯಿಲೆಯಿಲ್ಲದವರೂ ಬಂದು ಕೈ ಚಾಚುತ್ತಾರೆ. ಸುವಾರ್ತೆ ಸಾರುವುದೊಂದು ಉಳಿದಿದೆ. ಯಾರಿಗೆ ಸಾರುವುದು? ಇಲ್ಲಿಯವರ ಮುತ್ತಜ್ಜಂದಿರನ್ನು ಕಾಡು ಕಡಿಯಲು ರಾಂಚಿಯ ಕಡೆಯಿಂದ ಕರೆತಂದಾಗ ಅವರು ಬೈಬಲ್ಲನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದರಂತೆ. ನಾವು ಇಳಿದ ದಿನ ಜೆಟ್ಟಿಯಲ್ಲಿ ಸಾಲಾಗಿ ನಿಂತು ನಮಗೇ ಕೀರ್ತನೆ ಹಾಡಿದರು. ತಂಡದ ಹಿರಿಯರಾದ ಎಲಿಷಪ್ಪನವರು ಇನ್ನೂ ಚೇತರಿಸಿಕೊಂಡಿಲ್ಲ. "ಸಿಸ್ಟರಬಾಯಿ, ಊರಿಗೆ ಹೋಗಿ ಏನಂತ ಹೇಳೂನ್ರಿ? ಬಣ್ಣ ಹಚ್ಚಿ ಬಂದ್ವಿ ಅಂತ ಹೇಳೂನೇನು?" ಎಂದು ದಿನಕ್ಕೊಮ್ಮೆ ಕೇಳುತ್ತಾರೆ.

ಇನ್ನು ಎರಡನೆಯ ವಿಷಯ. ಇಲ್ಲಿ ಯೋಹಾನ ತಿರ್ಕಿ ಎಂಬವರು ಇದ್ದಾರೆ. ಸರಕಾರಿ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು, ಈಗ ನಿವೃತ್ತರು. ಹೆಂಡತಿ ತೀರಿ ಬಹಳ ಕಾಲವಾಯಿತು. ಮಕ್ಕಳಿಲ್ಲ, ಕೋಳಿಗಳಿವೆ. ಕ್ರಿಸ್‌ಮಸ್ ಮುಗಿದ ಮೇಲೆ ಬಿ.ಪಿ. ತೋರಿಸಲು ಬಂದರು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುತ್ತಿದ್ದಾಗ, ನನ್ನನ್ನು ಮದುವೆಯಾಗಿ ಇಲ್ಲಿಯೇ ಇರುತ್ತೀರಾ ಎಂದು ಕೇಳಿದರು. ಅವರ ಬಿ.ಪಿ. ಹೆಚ್ಚು ಬಂತು. ನನ್ನದನ್ನು ಯಾರೂ ನೋಡಲಿಲ್ಲ.

ನಾನು ಹೌದು ಎಂದಿಲ್ಲ. ಪ್ರಕಟಣೆ ಓದಿಸಿ ನೋಡೋಣ ಎಂದಿದ್ದೇನೆ. ನೀನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದವಳು, ನಮ್ಮ ಪದ್ಧತಿ ಮರೆತಿರಬಹುದು. ಮೂರು ಭಾನುವಾರ ಆರಾಧನೆಯ ನಡುವೆ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಯಾರದಾದರೂ ಅಡ್ಡಿಯಿದ್ದರೆ ಅಲ್ಲಿಯೇ ಎದ್ದು ಹೇಳಬೇಕು. ಅವರ ಸಭೆಯಲ್ಲೂ ಓದಬೇಕು, ನಮ್ಮ ಸಭೆಯಲ್ಲೂ ಓದಬೇಕು. ನಮ್ಮ ಪಾಸ್ಟರಿಗೆ ಹೆಸರು ಬರೆದು ಕೊಡಬೇಕಾದವಳು ನೀನು, ನನಗೆ ಇರುವವಳು ನೀನೊಬ್ಬಳೇ.

ಕೊಡದಿದ್ದರೂ ಆಯಿತು. ಇಪ್ಪತ್ತಮೂರಕ್ಕೆ ಎಲ್ಲರ ಜೊತೆ ನಾನೂ ಹಡಗು ಹತ್ತುತ್ತೇನೆ. ಬಂದ ಮೇಲೆ ಈ ಮಾತನ್ನು ನೀನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನಮಗಿಬ್ಬರಿಗೂ ಅದು ಚೆನ್ನಾಗಿ ಬರುತ್ತದೆ.

ನಿನ್ನ ಅವ್ವ,
ಕರುಣಾ


೬ ಜನವರಿ
ಗಂಗಾವತಿ

ಅವ್ವ,

ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ. ನಿನ್ನ ಕೋಣೆಯ ಫ್ಯಾನು ರಿಪೇರಿಯಾಯಿತು. ಪಕ್ಕದ ಮನೆಯ ಶಾಹಜಾದಬಿ ಖಾಲಾ, ಕರುಣಾ ಯಾವಾಗ ಬರುತ್ತಾಳೆ ಎಂದು ಕೇಳಿದರು. ಇಪ್ಪತ್ತಮೂರಕ್ಕೆ ಹಡಗು ಎಂದೆ.

ಬಿ.ಪಿ. ಎಷ್ಟು ಬಂದಿತ್ತು?

ಎಸ್ತರ


೮ ಜನವರಿ
ದ್ವೀಪದಿಂದ

ಎಸ್ತರ,

ನೂರಾ ಅರವತ್ತು. ಉಪ್ಪು ಕಡಿಮೆ ಮಾಡಿ ಎಂದಿದ್ದೇನೆ. ಒಣಮೀನು ತಿಂದು ಬೆಳೆದವರಿಗೆ ಹಾಗೆ ಹೇಳುವುದು ಅನ್ಯಾಯ, ಆದರೂ ಹೇಳಿದೆ. ಮೂರು ದಿನದಿಂದ ಸಪ್ಪೆ ಊಟ ಮಾಡುತ್ತಿದ್ದಾರೆ ಎಂದು ಅವರ ಮಗ್ಗುಲ ಮನೆಯವರು ಬಂದು ನನ್ನನ್ನೇ ಬೈದು ಹೋದರು.

ಇಲ್ಲಿ ನನ್ನ ಹಿಂದಿ ದೊಡ್ಡ ತಮಾಷೆಯಾಗಿದೆ. ಶಾಹಜಾದಬಿಯಿಂದ ಕಲಿತದ್ದು ಅದು. ಹೌದಿಗೆ "ಹೌ", ಬೇಡಕ್ಕೆ "ನಕ್ಕೊ", ಯಾಕೆಗೆ "ಕಾಯ್ಕು" ಎಲ್ಲವೂ ಅದರಲ್ಲಿದೆ. ಶಾಲೆಯ ಮಕ್ಕಳು ಈಗ ಟೀಚರಿಗೂ "ನಕ್ಕೊ ಜೀ" ಎನ್ನುತ್ತಾರಂತೆ. ಮಿಷನ್ನಿನಿಂದ ಈ ದ್ವೀಪಕ್ಕೆ ನಾವು ಕೊಟ್ಟದ್ದೇನೆಂದು ಎಲಿಷಪ್ಪನವರು ಕೇಳಿದರೆ ಇದನ್ನು ಹೇಳಬೇಕೆಂದಿದ್ದೇನೆ.

ಸಮುದ್ರದ ಬಗ್ಗೆ ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಅದು ಇದೆ, ಅಷ್ಟೆ. ಬೆಳಿಗ್ಗೆ ಎದ್ದಾಗಲೂ ಇರುತ್ತದೆ.

ಪ್ರಕಟಣೆಯ ಬಗ್ಗೆ ನೀನು ಏನೂ ಬರೆದಿಲ್ಲ. ನಾನೂ ಕೇಳುತ್ತಿಲ್ಲ. ಅಳಿಯ ಪ್ರಭುರಾಜನ ಶಾಲೆ ಸುರುವಾಯಿತೇ? ಈ ಚಳಿಯಲ್ಲಿ ಕುಷ್ಟಗಿಗೆ ಬೈಕಿನ ಮೇಲೆ ಹೋಗಬೇಡ, ಬಸ್ಸಿಗೆ ಹೋಗು ಎಂದು ಹೇಳು. ಅವನ ಸ್ವೆಟರು ನನ್ನ ಕಪಾಟಿನ ಕೆಳಗಿನ ಅರೆಯಲ್ಲಿದೆ. ಅಕ್ಕಿಗೆ ಹುಳ ಬಿದ್ದಿರಬೇಕು, ಬಿಸಿಲಿಗೆ ಹಾಕು.

ಅವ್ವ


೧೨ ಜನವರಿ
ಗಂಗಾವತಿ

ಅವ್ವ,

ಅಕ್ಕಿಯಲ್ಲಿ ಹುಳ ಇರಲಿಲ್ಲ.

ಶನಿವಾರದವರೆಗೂ ನಿನ್ನ ಕಾಗದ ಪ್ರಭುವಿಗೆ ತೋರಿಸಿರಲಿಲ್ಲ. ತೋರಿಸಿದೆ. ಓದಿದ. ಚಹಾ ಕುಡಿದ. ಆಮೇಲೆ ಕೇಳಿದ:

"ನಮ್ಮ ಮದುವಿಗೆ ಸಹಿ ಮಾಡಾಕ ನಿಮ್ಮವ್ವ ಕೊಪ್ಪಳಕ್ಕ ಬಂದಿದ್ರಲ್ಲ, ಅವತ್ತು ಏನಂದ್ರು?"

"ಏನಂದ್ಳು? ಈ ಊರಾಗ ಮಿರ್ಚಿ ಎಲ್ಲಿ ಛಲೋ ಸಿಗ್ತಾವ ಅಂತ ಕೇಳಿದ್ಲು."

"ಅಷ್ಟ?"

"ಅಷ್ಟ."

"ಮತ್ತ ನೀನೂ ಅಷ್ಟ ಕೇಳು," ಎಂದು ಬೈಕ್ ಒರೆಸಲು ಹೋದ. ಮೇಷ್ಟರನ್ನು ಮದುವೆಯಾಗಬಾರದು.

ಆ ಸಂಜೆಯೇ ಪಾಸ್ಟರ ಮನೆಗೆ ಹೋಗಿ ಹೆಸರು ಬರೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ತೆಗೆದು, ಮತ್ತೆ ಹಾಕಿಕೊಂಡು ಓದಿದರು. "ನಮ್ಮ ಕರುಣಾಬಾಯಿನಾ?" ಎಂದರು. ಹೌದೆಂದೆ. "ನೀನು ಒಪ್ಪೀಯೇನವ್ವ?" ಎಂದರು. ಓದಿಸಲು ಬಂದಿದ್ದೇನೆ ಎಂದೆ. ಅವರು ಅದನ್ನೇ ಉತ್ತರವೆಂದುಕೊಂಡರು.

ನಿನ್ನೆ ಮೊದಲನೆಯ ಸಲ ಓದಿದರು. ಗಾಯನವೃಂದದ ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಮುಖ ಮುಚ್ಚಿಕೊಂಡು ನಕ್ಕರು. ಗಂಡಸರ ಸಾಲಿನಲ್ಲಿ ಎಲ್ಲರೂ ಕೆಮ್ಮಿದರು. ಅಡ್ಡಿಯುಂಟೋ ಎಂದು ಕೇಳಿದಾಗ ಯಾರೂ ಏಳಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಒಂದು ದನಿ, "ಮೀನ ಹಿಡ್ಯಾಕ ಹೋದಾಕಿನ್ನ ಮೀನ ಹಿಡೀತು ನೋಡ್ರಿ" ಎಂದಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೆ ನಕ್ಕೆ ಎಂದು ಯೋಚಿಸಿದೆ.

ಅವರ ಫೋಟೊ ಒಂದಾದರೂ ಕಳಿಸು. ಬೇಡ, ಕಳಿಸಬೇಡ.

ಎಸ್ತರ


೧೮ ಜನವರಿ, ಭಾನುವಾರ
ಗಂಗಾವತಿ

ಅವ್ವ,

ಇವತ್ತು ಎರಡನೆಯ ಸಲ ಓದಿದರು. ಕೂತುಕೊಂಡು ಓದು.

ಅಪ್ಪನ ಅಕ್ಕ ಮಾರೆವ್ವತ್ತಿ ಇರಕಲ್ಲಗಡದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ನಾವಂತೂ ಮುಟ್ಟಿಸಿರಲಿಲ್ಲ, ಅದೇ ತಪ್ಪಾಯಿತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಇಳಕಲ್ಲ ಸೀರೆಯ ಸೆರಗು ಹೊದ್ದು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಪಾಸ್ಟರು ಓದಿ, ಅಡ್ಡಿಯುಂಟೋ ಎಂದು ಕೇಳಿ, ಇಲ್ಲವೆಂದುಕೊಂಡು ಆಗಲೇ ಹಾಳೆ ತಿರುವುತ್ತಿದ್ದರು. ಅತ್ತಿ ಎದ್ದು ನಿಂತಳು.

"ಹುಡುಗನ್ನ ನಾವು ನೋಡಿಲ್ರಿ," ಎಂದಳು.

ಈ ಸಭೆಯಲ್ಲಿ ಹಾಗೆ ಯಾರಾದರೂ ಎದ್ದದ್ದು ಯಾರಿಗೂ ನೆನಪಿಲ್ಲ. ಪಾಸ್ಟರು ಮೈಕನ್ನು ಕೈಯಿಂದ ಮುಚ್ಚಿ, "ಮಾರೆವ್ವಬಾಯಿ, ಅವರಿಗೆ ಅರವತ್ತೊಂದು ವರ್ಷ ಆಗ್ಯಾವ್ರಿ" ಎಂದರು. ಮೈಕು ಸರಿಯಾಗಿ ಮುಚ್ಚಿರಲಿಲ್ಲ.

"ಅರವತ್ತಾಗ್ಲಿ ಎಪ್ಪತ್ತಾಗ್ಲಿ, ಮದುವಿ ಅಂದಮ್ಯಾಲ ಹುಡುಗನ ಅಲ್ಲೇನ್ರಿ? ಯಾರ ನೋಡ್ಯಾರ ಅವನ್ನ? ನೀವು ನೋಡೀರಿ?"

"ನಾನು ನೋಡಿಲ್ರಿ."

"ಅಕಿ ಮಗಳು ನೋಡ್ಯಾಳ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಮತ್ತ? ನನ್ನ ತಮ್ಮ ಹೋದಾಂತ ಕರುಣಾ ನಮ್ಮಾಕಿ ಅಲ್ದಂಗ ಆದ್ಲೇನು? ತಳಕಲ್ಲಿನಿಂದ ಅಕಿನ್ನ ನೋಡಿ, ಕೇಳಿ, ಕರಕೊಂಡ ಬಂದಾಕಿ ನಾನು. ಈಗ ಕಳಸೂವಾಗೂ ನಾನ ನೋಡಿ ಕಳಸಬೇಕು. ಸಮುದ್ರದಾಚೆ ಒಬ್ಬ ಅದಾನ ಅಂತ ಚೀಟಿ ಓದಿದ್ರ, ಹೂಂ ಅಂತ ಕೊಟ್ಟಬಿಡಾಕ ನಮ್ಮ ಮನಿ ಹೆಣ್ಣೇನು ಹಾದಿಮ್ಯಾಲ ಬಿದ್ದಾಳೇನ್ರಿ?"

"ಹಂಗಾರ ಇದನ್ನ ಅಡ್ಡಿ ಅಂತ ಬರಕೊಳ್ಳಲೇನ್ರಿ?"

"ಅಡ್ಡಿ ಅಲ್ರಿ. ನೋಡಬೇಕು."

ಇದಕ್ಕೆ ನಿಯಮವೇನೆಂದು ಪಾಸ್ಟರಿಗೂ ಗೊತ್ತಿಲ್ಲ. ಹಿರಿಯರು ಮಂದಿರದ ಪಕ್ಕದ ವೆಸ್ಟ್ರಿ ಕೋಣೆಯಲ್ಲಿ ಬಹಳ ಹೊತ್ತು ಕೂತು, ಮೂರನೆಯ ಪ್ರಕಟಣೆಯನ್ನು ಫೆಬ್ರುವರಿ ಒಂದಕ್ಕೆ ಮುಂದೂಡಿದ್ದಾರೆ. ಅಷ್ಟರೊಳಗೆ ಅತ್ತಿಗೆ ಸಮಾಧಾನವಾದರೆ ಓದುತ್ತಾರೆ, ಇಲ್ಲದಿದ್ದರೆ ಇಲ್ಲ.

ಅವಳು ಎದ್ದಾಗ ನನಗೆ ಸಿಟ್ಟು ಬರಲಿಲ್ಲ. ಬೆಂಚಿನ ಅಂಚನ್ನು ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ. ಅವಳು ಎದ್ದ ಮೇಲೆ ಬಿಟ್ಟೆ. ಇದನ್ನು ನಿನಗೆ ಹೇಗೆ ಬೇಕೋ ಹಾಗೆ ತಿಳಿದುಕೋ.

ಎಸ್ತರ


೨೦ ಜನವರಿ
ದ್ವೀಪದಿಂದ

ಎಸ್ತರ,

ಜೆಟ್ಟಿಯ ಮೇಲೆ ನಿಂತೇ ಓದಿದೆ, ಕೂರಲು ಜಾಗವಿರಲಿಲ್ಲ. ನಗುತ್ತಾ ಓದಿದೆ. ತಳಕಲ್ಲಿನ ಸಾಲಿಗೆ ಬಂದಾಗ ಮಾತ್ರ ಸ್ವಲ್ಪ ನಿಲ್ಲಿಸಿದೆ.

ನಿನ್ನ ಅತ್ತಿ ನನ್ನನ್ನು ನೋಡಲು ಬಂದಿದ್ದ ದಿನ ನಾನು ಹೊಲದಲ್ಲಿ ಸೇಂಗಾ ಕೀಳುತ್ತಿದ್ದೆ. ಕೈ ತೊಳೆಯಲೂ ಬಿಡದೆ ಹಸ್ತ ತಿರುಗಿಸಿ ನೋಡಿ, "ಈ ಕೈ ಸೂಜಿ ಹಿಡಿತೈತಿ ಬಿಡ್ರಿ, ನರ್ಸ್ ಓದಸೂನು" ಎಂದಿದ್ದಳು. ಮದುವೆಯಾದ ಮೇಲೆ ನನ್ನನ್ನು ಗದಗಿಗೆ ಓದಲು ಕಳಿಸಿದವಳು ಅವಳು. ಅವಳಿಗೆ ಮೊದಲು ಹೇಳದೆ ನಿನಗೆ ಹೇಳಿದೆ. ಯಾಕೆಂದರೆ ನಿನಗೆ ಹೇಳುವುದು ಕಷ್ಟವಿದ್ದರೂ ಅವಳಿಗೆ ಹೇಳುವುದಕ್ಕಿಂತ ಸುಲಭವಿತ್ತು ಎಂದು ತೋರುತ್ತದೆ.

ಭಾನುವಾರ ಇಲ್ಲಿ ಮಂದಿರದ ಪ್ರತಿಷ್ಠೆಯಾಯಿತು. ಇಡೀ ದ್ವೀಪವೇ ಬಂದಿತ್ತು. ಎಲಿಷಪ್ಪನವರು ಕನ್ನಡದಲ್ಲಿ ಉಪದೇಶ ಮಾಡಿದರು, ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಆಮೆನ್ ಎಂದರು. ಕೊನೆಗೆ ನಮ್ಮ ಪ್ರಕಟಣೆ ಓದಿದಾಗ ಮಾತ್ರ ಚಪ್ಪಾಳೆ ಬಿತ್ತು.

ಅತ್ತಿಯ ಮಾತನ್ನು ತಿರ್ಕಿಯವರಿಗೆ ಹೇಳಿದೆ. ಕೋಳಿಗಳಿಗೆ ಹಾಕುತ್ತಿದ್ದ ಕಾಳನ್ನು ಪೂರ್ತಿ ಹಾಕಿ ಮುಗಿಸಿದರು. ಆಮೇಲೆ, "ಸರಿಯಾದ ಮಾತು. ನನ್ನ ತಂಗಿಯಾಗಿದ್ದರೆ ನಾನೂ ಕೇಳುತ್ತಿದ್ದೆ" ಎಂದರು. ಶುಕ್ರವಾರದ ಹಡಗಿಗೆ ನಮ್ಮ ತಂಡದ ಜೊತೆ ಅವರು ಹೊರಟಿದ್ದಾರೆ. ಗಂಗಾವತಿಗೆ, ತೋರಿಸಿಕೊಳ್ಳಲು.

ಕೋಳಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ. ನಾನು ಇಲ್ಲಿಯೇ ಉಳಿಯುತ್ತೇನೆ. ಶಾಲೆಯ ಟೀಚರ ಮನೆಯಲ್ಲಿ ಇರುತ್ತೇನೆ, ಅವಳು ಒಳ್ಳೆಯವಳು. ಎಲಿಷಪ್ಪನವರು ತಲೆ ಮೇಲೆ ಕೈಹೊತ್ತು, "ಅಲ್ರೀ ಸಿಸ್ಟರಬಾಯಿ, ಊರಿಂದ ಕರಕೊಂಡ ಬಂದಾಕಿನ್ನ ಬಿಟ್ಟು, ಕರಕೊಂಡ ಬರದವರನ್ನ ಒಯ್ಯಬೇಕೇನು? ಸಭಿಗೆ ಏನಂತ ಲೆಕ್ಕ ಕೊಡ್ಲಿ?" ಎಂದರು. ತಲೆ ಲೆಕ್ಕ ಸರಿ ಇರುತ್ತದಲ್ಲ ಎಂದೆ.

ಅವರನ್ನು ಚೆನ್ನಾಗಿ ನೋಡಿ. ಮುಲಾಜು ಮಾಡಬೇಡಿ. ಬೇಡವೆನಿಸಿದರೆ ಮುಂದಿನ ಹಡಗಿಗೆ ನಾನು ಬರುತ್ತೇನೆ.

ಅವ್ವ


೨೪ ಜನವರಿ
ದ್ವೀಪದಿಂದ

ಎಸ್ತರ,

ನಿನ್ನೆ ಹಡಗು ಹೋಯಿತು. ಕೈಬೀಸುವವರ ಸಾಲಿನಲ್ಲಿ ನಾನಿದ್ದೆ. ಬಂದವರಲ್ಲಿ ನಾನೊಬ್ಬಳು ಎಂಬುದನ್ನು ಮರೆತು ಜೋರಾಗಿಯೇ ಬೀಸಿದೆ.

ತಿರ್ಕಿಯವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಇಷ್ಟೇ ಹೇಳುತ್ತೇನೆ. ಉಳಿದದ್ದನ್ನು ಹೇಳಿದರೆ ನಾನು ಅವರ ಪರ ವಾದಿಸಿದಂತಾಗುತ್ತದೆ.

ಕೋಳಿಗಳು ನನ್ನ ಮಾತು ಕೇಳುವುದಿಲ್ಲ.

ಅವ್ವ


೧ ಫೆಬ್ರುವರಿ, ಭಾನುವಾರ
ಗಂಗಾವತಿ

ಅವ್ವ,

ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ, ನಡುವೆ ಹಾಳೆ ತಿರುವಿ ಕೊನೆ ನೋಡಬೇಡ.

ಶುಕ್ರವಾರ ಹೊಸಪೇಟೆಯಲ್ಲಿ ರೈಲಿಳಿದರು. ಪ್ರಭು ಮತ್ತು ನಾನು ಕರೆತರಲು ಹೋಗಿದ್ದೆವು. ನಿನ್ನ ಮನುಷ್ಯ ಎತ್ತರವಿರಬಹುದು ಎಂದು ಯಾಕೋ ಅಂದುಕೊಂಡಿದ್ದೆ, ನನಗಿಂತ ಗಿಡ್ಡ. ಕಬ್ಬಿಣದ ಟ್ರಂಕು ಹೊತ್ತು ಇಳಿದು, ಪ್ರಭುವಿಗೆ ಕೊಡಲು ಒಪ್ಪಲಿಲ್ಲ. ಹುಲಿಗಿಯ ಗುಡಿಗೆ ಹೋಗುವವರಿಂದ ಬಸ್ಸು ಕಿಕ್ಕಿರಿದಿತ್ತು. ಡ್ಯಾಮಿನ ಹಿನ್ನೀರು ಕಂಡಾಗ ಕಿಟಕಿಯಿಂದ ಬಗ್ಗಿ, "ಇಲ್ಲಿಂದ ಯಾವ ಊರಿಗೆ ಹಡಗು ಹೋಗುತ್ತದೆ?" ಎಂದು ಹಿಂದಿಯಲ್ಲಿ ಕೇಳಿದರು. ಪ್ರಭು ಯೋಚಿಸಿ, "ಯಾವ ಊರಿಗೂ ಇಲ್ಲ" ಎಂದ. ಅಷ್ಟು ನೀರಿಟ್ಟುಕೊಂಡು ಎಂದು ಅವರು ಮರುಗಿದರು.

ಶನಿವಾರ ನೋಡುವ ಶಾಸ್ತ್ರ. ಅತ್ತಿ ಬೆಳಿಗ್ಗೆಯೇ ಬಂದು ನಡುಮನೆಯಲ್ಲಿ ಕಂಬಳಿ ಹಾಸಿಸಿ, ಅವರನ್ನು ಬಾಗಿಲಿನ ಬೆಳಕಿಗೆ ಎದುರಾಗಿ ಕೂರಿಸಿದಳು. ನಾನು ಉಪ್ಪಿಟ್ಟು, ಶಿರಾ ಮಾಡಿ ಟ್ರೇ ಹಿಡಿದು ಬಂದೆ. ಹೆಣ್ಣು ಕಡಲಾಚೆ ಕೋಳಿ ಕಾಯುತ್ತಿದ್ದಳು. ಅತ್ತಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಶಾಹಜಾದಬಿ ಖಾಲಾ ಕೂತರು.

"ಕುಡೀತಾರೇನು ಕೇಳವ್ವ."

ಖಾಲಾ ಕೇಳಿದರು. ಅವರು ನೇರವಾಗಿ, ಕ್ರಿಸ್‌ಮಸ್ಸಿಗೆ ಸ್ವಲ್ಪ ಎಂದರು.

"ಹಬ್ಬಕ್ಕಂದ್ರ ನಡೀತೈತಿ," ಎಂದಳು ಅತ್ತಿ. "ನನ್ನ ತಮ್ಮ ಹಬ್ಬದ ದಾರಿ ಕಾಯ್ತಿದ್ದಿಲ್ಲ. ಹಲ್ಲು ಎಷ್ಟದಾವು? ಕಟಿ ರೊಟ್ಟಿ ಕಡದು ತೋರಸಂತ ಹೇಳು."

ಒಣಗಿ ಗಟ್ಟಿಯಾದ ಆ ಜೋಳದ ರೊಟ್ಟಿಯನ್ನು ಕಡಿದು ತೋರಿಸಿದರು. ಎಡಗಡೆಯಿಂದ ಕಡಿದರು, ಬಲಗಡೆಯವು ಇಲ್ಲ. ಅತ್ತಿ ಗಮನಿಸಿದಳು, ಬಿಟ್ಟಳು. ಖಾಲಾ ತಮ್ಮದೇ ಒಂದು ಪ್ರಶ್ನೆಯನ್ನು ಹಿಂದಿಯಲ್ಲಿ ಸೇರಿಸಿದರು, ಗೊರಕೆ ಹೊಡೆಯುತ್ತೀರಾ ಎಂದು. ಅದಕ್ಕೆ ಅವರು, ನಿದ್ದೆಯಲ್ಲಿ ಕೇಳಿಸುವುದಿಲ್ಲವಲ್ಲ ಎಂದರು. ಅಲ್ಲಿಗೆ ಖಾಲಾ ಅವರ ಕಡೆಯಾದರು.

ಕೊನೆಗೆ ಅತ್ತಿ ಎಲೆಅಡಿಕೆಯ ಚೀಲ ಕೆಳಗಿಟ್ಟು, "ಊರಾಗ ಹೆಂಗಸರ ಬರ ಬಂದಿತ್ತೇನು? ಇಷ್ಟು ದೂರದಾಕಿ, ನಮ್ಮ ಕರುಣಾನ ಯಾಕ ಬೇಕಾತಂತ ಕೇಳು" ಎಂದಳು.

ಅವರು ತಟ್ಟೆಯನ್ನು ಕಂಬಳಿಯ ಅಂಚಿಗೆ ಸರಿಸಿಟ್ಟರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ಖಾಲಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ನಮಗೆ ಹೇಳಿದರು: "ಅಕಿ ಕೂಡ ಸುಮ್ನ ಕುಂದ್ರಾಕ ಛಲೋ ಆಗ್ತೈತಂತ."

"ಯಾರ ಕೂಡ?"

"ಕರುಣಾನ ಕೂಡ. ಸಂಜಿಗೆ ಇಬ್ಬರೂ ಕುಂದರ್ತಾರಂತ. ಅಕಿ ಒಂದ ಮಾತೂ ಆಡೂದಿಲ್ಲಂತ."

"ಕರುಣಾ ಸುಮ್ನ ಕುಂದರ್ತಾಳ?" ಅತ್ತಿ ನಮ್ಮೆಲ್ಲರ ಮುಖ ನೋಡಿದಳು. "ಎಸ್ತರ, ಇವರಿಗೆ ನಿಮ್ಮವ್ವನ ಫೋಟೊ ತೋರಸ. ಬ್ಯಾರೆ ಯಾರನ್ನೋ ನೋಡ್ಯಾರ ಇವ್ರು!"

ಖಾಲಾ ಕಣ್ಣೀರು ಬರುವಂತೆ ನಕ್ಕರು. ಗೋಡೆಯ ಮೇಲಿನ ನಿನ್ನ ಫೋಟೊ ತೋರಿಸಿದೆ. ಅವರು ಎದ್ದು ಹತ್ತಿರ ಹೋಗಿ ನೋಡಿ, "ಹೌ, ಯಹೀ" ಎಂದರು. ಹೌ ಎಂದದ್ದು ನಿನ್ನಿಂದ ಕಲಿತಿರಬೇಕು.

ನಾನು ಟ್ರೇ ತೊಳೆಯಲು ಒಳಗೆ ಹೋದೆ. ಅಪ್ಪ ತೀರಿಹೋದಾಗ ನನಗೆ ಒಂಬತ್ತು ವರ್ಷ. ಆವತ್ತಿನಿಂದ ಈ ಮನೆಯಲ್ಲಿ ನೀನು ಮಾತು ನಿಲ್ಲಿಸಿದ್ದು ನನಗೆ ನೆನಪಿಲ್ಲ. ಅಕ್ಕಿಯ ಹುಳ, ಆಸ್ಪತ್ರೆಗೆ ಬಂದವರ ಕತೆ, ನಲ್ಲಿ, ಸ್ವೆಟರು. ನಿನ್ನ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ. ಮನೆಯಲ್ಲಿ ಸದ್ದಿಲ್ಲದಿದ್ದರೆ ಅದು ನನಗೆ ಕೇಳಿಸುತ್ತಿತ್ತು, ನನಗೆ ಕೇಳಿಸಬಾರದೆಂದೇ ನೀನು ಅಷ್ಟು ಮಾತಾಡಿದೆ ಎಂದು ಸಿಂಕಿನ ಮುಂದೆ ನಿಂತಾಗ ಹೊಳೆಯಿತು. ಟ್ರೇ ಎರಡು ಸಲ ತೊಳೆದೆ.

ಇವತ್ತು ಮೂರನೆಯ ಸಲ. ಮಂದಿರ ತುಂಬಿತ್ತು, ಕ್ರಿಸ್‌ಮಸ್ಸಿಗೂ ಅಷ್ಟು ಜನ ಬರುವುದಿಲ್ಲ. ಖಾಲಾ ಬಾಗಿಲ ಬಳಿ ಚಪ್ಪಲಿ ಬಿಡುವಲ್ಲಿ ನಿಂತಿದ್ದರು, ಒಳಗೆ ಬನ್ನಿ ಎಂದರೆ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದರು. ತಿರ್ಕಿಯವರು ಗಂಡಸರ ಸಾಲಿನಲ್ಲಿ ಪ್ರಭುವಿನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಪಾಸ್ಟರು ಹೆಸರು ಓದಿದರು. ಅಡ್ಡಿಯುಂಟೋ ಎಂದು ಕೇಳಿದರು. ಕೇಳಿ, ಹಾಳೆ ತಿರುವದೆ, ಅತ್ತಿಯನ್ನೇ ನೋಡುತ್ತಾ ನಿಂತರು.

ಅತ್ತಿ ಎದ್ದಳು.

ಯಾರೋ "ಅಯ್ಯೋ ದೇವರ" ಎಂದರು.

"ನಾನು ನೋಡೀನ್ರಿ," ಎಂದಳು ಅತ್ತಿ. "ಬಲಗಡೆ ಹಲ್ಲಿಲ್ಲ. ಉಳಿದದ್ದೆಲ್ಲ ಐತಿ."

ಎಂದು ಹೇಳಿ ಕೂರಲಿಲ್ಲ, ನಿಂತೇ ಇದ್ದಳು. ಏನೋ ಬಾಕಿಯಿದೆ ಎಂಬಂತೆ. ಆಗ ನಾನು ಎದ್ದೆ ಅವ್ವ. ಏಳಬೇಕೆಂದುಕೊಂಡು ಬಂದಿರಲಿಲ್ಲ.

ಪಾಸ್ಟರು ಬೆವರು ಒರೆಸಿಕೊಂಡು, "ನಿಂದೇನವ್ವ ಎಸ್ತರ?" ಎಂದರು.

"ನಾನೂ ನೋಡೀನ್ರ್ಯಪಾ," ಎಂದೆ.

ಅತ್ತಿ ತಿರುಗಿ ನೋಡಿದಳು. ಅಷ್ಟರಲ್ಲಿ ಎಲಿಷಪ್ಪನವರು, "ನಾವೂ ನೋಡೀವ್ರಿ, ಹಡಗದಾಗ ಮೂರು ದಿನ ಕೂಡ ಬಂದೀವಿ" ಎಂದು ಎದ್ದರು. ತಂಡದವರೆಲ್ಲ ಎದ್ದರು. ಬಾಗಿಲಿನಿಂದ ಖಾಲಾ ಕೈ ಎತ್ತಿ, "ಹಮ್ ಭೀ ದೇಖೆ!" ಎಂದು ಕೂಗಿದರು. ತಿರ್ಕಿಯವರನ್ನು ಸರಿಯಾಗಿ ನೋಡದೇ ಇದ್ದವರೂ, ಒಬ್ಬರು ಎದ್ದರೆಂದು ಇನ್ನೊಬ್ಬರು, ಏಳತೊಡಗಿದರು.

ನಿನ್ನ ಮನುಷ್ಯನಿಗೆ ಇದೊಂದೂ ತಿಳಿಯಲಿಲ್ಲ. ಸಭೆಯೆಲ್ಲ ಎದ್ದದ್ದು ಕಂಡು ಕೀರ್ತನೆಯ ಹೊತ್ತಾಯಿತೆಂದುಕೊಂಡು ತಾವೂ ಎದ್ದು, ಕಣ್ಣು ಮುಚ್ಚಿ, ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಹಾಡಲು ಸುರು ಮಾಡಿಬಿಟ್ಟರು. ಒಬ್ಬರೇ. ಒಂದು ಸಾಲು ಮುಗಿಯುವವರೆಗೆ ಯಾರೂ ಅಲುಗಾಡಲಿಲ್ಲ. ಮಾತು ಯಾವುದೋ, ಧಾಟಿ ಮಾತ್ರ ನಮ್ಮದೇ ಆಗಿತ್ತು. ಎರಡನೆಯ ಸಾಲಿಗೆ ಹಾರ್ಮೋನಿಯಂ ಸೇರಿತು. ಮೂರನೆಯದಕ್ಕೆ ಅತ್ತಿ, ಆಮೇಲೆ ಎಲ್ಲರೂ ಕನ್ನಡದಲ್ಲಿ ಹಾಡಿದೆವು. ಪಾಸ್ಟರು ಸ್ವಲ್ಪ ಹೊತ್ತು ಹಾಳೆ ಹಿಡಿದು ನಿಂತಿದ್ದರು. ಆಮೇಲೆ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಅವರೂ ಹಾಡಿದರು.

ಹೆಣ್ಣಿನ ಕಡೆಯವಳು,
ಎಸ್ತರ